ಮೂವತ್ತಮೂರಕ್ಕಿಂತ ತುಸು ಕಡಿಮೆ

ಮಧ್ಯಾಹ್ನ ಮೂರರ ಮೇಲೆ ಚೌಬಾರದ ನೆರಳು
ಗೌಸೋದ್ದೀನನ ರೇಡಿಯೋ ಅಂಗಡಿಗೆ ಬರುತ್ತಿತ್ತು.
ಆಗ ಅವನು ಬೆಸುಗೆ ಕಡ್ಡಿ ಬದಿಗಿಟ್ಟು
ಬಾಗಿಲು ಅರ್ಧ ಎಳೆದು
‘ಬಾ ವೈಜಿನಾಥ, ಆ ಹುಚ್ಚರಿಗಿ ಹಚ್ಚಮ್’ ಅನ್ನುತ್ತಿದ್ದ.

ಎರಡೇ ತಟ್ಟೆ. ಒಂದೇ ತಂಡದ ಮೊದಲೆರಡು.
ವಾಯುಪಡೆಯ ತರಸೇಮ ಸಿಂಗ
ಟ್ರಾನ್ಸಿಸ್ಟರ್ ರಿಪೇರಿಯ ಹದಿನಾಲ್ಕು ರೂಪಾಯಿಗೆ ಒತ್ತೆಯಿಟ್ಟು
ಜೋಧಪುರಕ್ಕೆ ಬದಲಿಯಾಗಿ ಹೋದವನು
ಬಿಡಿಸಿಕೊಳ್ಳಲು ಬರಲೇ ಇಲ್ಲ.

ಕಿತ್ತಳೆ ಹೊದಿಕೆ. ನೀರಿನೊಳಕ್ಕೆ ಬಾಗಿ ಇಳಿದ ಮೆಟ್ಟಿಲು.
ಬಿಸಿಲಿಗಿಟ್ಟ ಮೇಣದ ಹಾಗೆ ಸೋರುವ ಅಕ್ಷರ.
ಒಳಗಿನ ಕರಿ ತಟ್ಟೆಯನ್ನು
ಬಿದರಿ ಕೆಲಸದ ಅವನಣ್ಣ ಮಕ್ಸೂದ
ಕಣ್ಣಿನ ಹತ್ತಿರ ಹಿಡಿದು, ಬೆಳಕಿಗೆ ಹೊರಳಿಸಿ ಕೇಳಿದ್ದ:
‘ಯಾವ ಕಾರಿಗರ ಕೊರದಾನ ಇದು?
ಶುರುವಿನಿಂದ ಕಡೀತನಕ ಒಂದೇ ಗೆರಿ ಅದ.
ಬೆಳ್ಳಿ ತುಂಬದು ಮರತಾನ.’

ನನಗೆ ಹದಿನೈದು. ಇಂಗ್ಲಿಷಿನಲ್ಲಿ ಎರಡು ಸಲ ಫೇಲು.
ಮಾತು ತಿಳಿಯುತ್ತಿರಲಿಲ್ಲ, ಸದ್ದು ತಿಳಿಯುತ್ತಿತ್ತು:
ಬಾವಿಗೆ ಬಿದ್ದ ಕೊಡ
ಹಗ್ಗವಿಲ್ಲದೆ ತಾನೇ ಮೇಲೆ ಬಂದಂತೆ ಒಂದು,
ತಗಡಿನ ಮೇಲೆ ಪಾರಿವಾಳ ಓಡಿದಂತೆ ಇನ್ನೊಂದು.
ಹಾಡುವವನು ಮುದುಕನೆಂದೇ ನಂಬಿದ್ದೆ,
ಜೇನು ಹೆಪ್ಪುಗಟ್ಟಿದ ಗಂಟಲು,
ಯಾವ ಅವಸರವೂ ಉಳಿಯದವನು.
ಸಂಜೆ ಓಣಿಯ ಬಲ್ಬು ಹತ್ತಿದ ಕೂಡಲೇ
ಕರೆಂಟು ಸೊರಗಿ ಅವನ ದನಿ ಇನ್ನೂ ಕೆಳಗಿಳಿಯುತ್ತಿತ್ತು.
ಅದೂ ಹಾಡಿನೊಳಗಿನದೇ ಅಂದುಕೊಂಡಿದ್ದೆವು.

ಮೊದಲ ತಟ್ಟೆಯ ಮೂರನೇ ಹಾಡಿಗೆ ಗೀರು.
ಮುಳ್ಳು ಅಲ್ಲಿ ಎಡವಿ ಆಚೆ ಹಾರುತ್ತಿತ್ತು,
ಸರಿಯಾಗಿ ಆಗಲೇ ಗೌಸೋದ್ದೀನ ತಲೆ ಕೊಡವುತ್ತಿದ್ದ,
ತಾಳವೇ ಹಾಗಿರುವಂತೆ.

ಎರಡನೆಯದರ ಬೆನ್ನಿಗೆ ಐವರ ಫೋಟೋ.
ಒಬ್ಬ ಮಾತ್ರ ಚೌಕಟ್ಟಿನ ಹೊರಗೆ ಏನನ್ನೋ ನೋಡುತ್ತಿದ್ದಾನೆ.
‘ಇವನೇ ಮುದುಕ ಇರಬೇಕು’ ಅಂದಿದ್ದೆ, ಮುಖ ನೋಡದೆ.
ಆ ತಟ್ಟೆಯಲ್ಲಿ ಅವನದು ಕಡೆಯದೊಂದೇ ಹಾಡು.
ಅದು ಮುಗಿದ ಮೇಲೂ ಮುಳ್ಳನ್ನು ಎತ್ತುತ್ತಿರಲಿಲ್ಲ ನಾವು.
ಟಕ್. ಟಕ್. ಟಕ್.
ಗಿರಾಕಿ ಬಂದು ಬಾಗಿಲು ತಟ್ಟುವ ತನಕ.

ಐವತ್ತು ವರ್ಷ. ಕೋರ್ಟಿನಲ್ಲಿ ಗುಮಾಸ್ತನಾಗಿ
ನಾಲ್ಕಕ್ಷರ ಇಂಗ್ಲಿಷೂ ಬಂತು, ಪಿಂಚಣಿಯೂ ಬಂತು.
ಮೊನ್ನೆ ಹುಮನಾಬಾದಿನ ಬಸ್ಸು ತಡವಾಗಿ
ತಂಗಿಯ ಮಗಳು ಸುಚೇತಾ ಫೋನಿನಲ್ಲಿ ಹುಡುಕಿ
‘ಇವೇ ಏನು ಮಾಮಾ?’ ಅಂತ
ಕಿವಿಗೆ ಬಿಳಿ ಗುಂಡಿ ಸಿಕ್ಕಿಸಿದಳು.

ಹಾಡು ಓಡಿತು.
ಹಗ್ಗ ಹರಿದ ಕರುವಿನ ಹಾಗೆ, ಒದೆಯುತ್ತ.
ಮುದುಕ ಎಲ್ಲಿ?
ಮೀಸೆ ಇನ್ನೂ ನೆಟ್ಟಗೆ ಬಾರದ ಹುಡುಗ, ತೆಳು ದನಿ,
ಉಸಿರು ತಗೊಳ್ಳಲೂ ಪುರುಸೊತ್ತಿಲ್ಲ.
ನಮ್ಮ ಬೆಲ್ಟು ಸೈಕಲ್ ಟ್ಯೂಬಿನದೆಂದು ಆಗ ನೆನಪಾಯಿತು.

ಗೀರು ಬರುವ ಜಾಗಕ್ಕೆ ಹಲ್ಲು ಕಚ್ಚಿದೆ.
ಹಾರಲಿಲ್ಲ.
ನಮಗೆ ಸಿಗದ ಸಾಲು ಅಲ್ಲಿ ಇಷ್ಟೇ ಇತ್ತು:
‘ದೀಪ ಆರಿಸಬೇಡಮ್ಮ, ನಾನು ಮಲಗಿಲ್ಲ.’
ಬಸ್ಸು ಬಂತು, ಹೋಯಿತು.

ಶಹಾಗಂಜಿನ ಮನೆಯಲ್ಲಿ ಗೌಸೋದ್ದೀನ
ಒಂದೇ ಕಿವಿ ಇಟ್ಟುಕೊಂಡು ಕೂತಿದ್ದ. ಅದಕ್ಕೇ ಸಿಕ್ಕಿಸಿದೆ.
ಹುಬ್ಬು ಗಂಟಿಕ್ಕಿದ.
‘ಭಾಳ ಲಗೂ ಓಡ್ಲತ್ತದಲೋ. ಬೆಲ್ಟ ನೋಡು.’
ತೋರುಬೆರಳು ಚಾಚಿ, ಆಗ ತಟ್ಟೆಯ ಅಂಚನ್ನು ಸವರಿ
ವೇಗ ತಗ್ಗಿಸುತ್ತಿದ್ದಂತೆಯೇ
ಫೋನಿನ ಗಾಜನ್ನು ಹಗುರಾಗಿ ಮುಟ್ಟಿದ.

ಹಾಡು ನಿಂತಿತು.

‘ಹಾಂ, ಈಗ ಬರೋಬ್ಬರ್.’
ಕಣ್ಣು ಮುಚ್ಚಿದ. ಬೆರಳು ತೊಡೆಯ ಮೇಲೆ ನಡೆಯತೊಡಗಿತು.
ನಾನು ಏನೂ ಹೇಳಲಿಲ್ಲ.
ಬಹಳ ಹೊತ್ತಾದ ಮೇಲೆ, ಸರಿಯಾಗಿ ಆ ಜಾಗಕ್ಕೆ,
ಅವನ ತಲೆ ಒಮ್ಮೆ ಕೊಡವಿತು.
ನನ್ನದೂ.