ವಸ್

ಫರ್ವಾನಿಯಾದ ಟೈಪಿಂಗ್ ಅಂಗಡಿಯಲ್ಲಿ
ಎರಡನೇ ಕುರ್ಚಿ ನನ್ನದು.
ಕಾಗದ ಹಾರದಂತೆ ಮೇಲೊಂದು ಹಿಡಿ ಮುರಿದ ಇಸ್ತ್ರಿಪೆಟ್ಟಿಗೆ,
ಪಕ್ಕದ ಲಾಂಡ್ರಿಯ ಇಸುಬು ಕೊಟ್ಟದ್ದು.

ಅರ್ಜಿಯ ಏಳನೇ ಮನೆ: ವಾಸ.
ಬ್ಲಾಕ್ ಎರಡು, ಬೀದಿ ಮೂವತ್ತೆರಡು, ನೆಲಮಾಳಿಗೆ,
ಒಂದು ಕೋಣೆಗೆ ಎಂಟು ಹೆಸರು.
ಬರೆಯುವಾಗೆಲ್ಲ ಕೀಲಿಮಣೆಯ ಅಡಿಯಿಂದ
ಸಂಪತ್ಕುಮಾರಾಚಾರ್ಯರು ಕೆಮ್ಮುತ್ತಾರೆ:
"ಧಾತು ಯಾವುದಮ್ಮ?"

ವಸ್, ಸರ್. ನೆಲೆಸು. ವಸತಿ, ಅವನು ನೆಲೆಸುತ್ತಾನೆ.
"ಪದ?"
ಪರಸ್ಮೈಪದ.
"ಅಂದರೆ?"
ಫಲ ಪರರಿಗೆ.

ಮೇಲುಕೋಟೆಯ ತಣ್ಣನೆ ಚಪ್ಪಡಿಯ ಮೇಲೆ ಕೂತು
ಇದನ್ನು ಒಪ್ಪಿಸುವಾಗ ನನಗೆ ಹತ್ತೊಂಬತ್ತು.
ನೆಲೆಸಿದವನಿಗೇ ಅಲ್ಲವೇ ನೆಲೆಸಿದ ಫಲ, ಎಂದು ವಾದಿಸಿದ್ದೆ.
"ಅದು ಬರೀ ಹೆಸರು, ರೂಢಿ" ಎಂದು ಪುಟ ತಿರುವಿದ್ದರು.
ಗುರುವಾರ ಸಂಜೆ, ಊರಿಗೆ ದುಡ್ಡು ಕಳಿಸುವವರ ಸಾಲು
ಎಕ್ಸ್‌ಚೇಂಜಿನ ಬಾಗಿಲಿಂದ ಬಸ್ ಸ್ಟಾಂಡಿನವರೆಗೆ.
ಹೆಸರಿಟ್ಟವನು ಈ ಸಾಲಲ್ಲಿ ನಿಂತವನೇ ಇರಬೇಕು, ಸರ್.

ಇನ್ನೊಂದು ವಸ್ ಇದೆ: ಉಡು, ಹೊದೆ. ವಸ್ತೇ.
ವಸ್ತ್ರ ಹುಟ್ಟಿದ್ದು ಅದರಿಂದ.
ಅದು ಆತ್ಮನೇಪದ, ಫಲ ತನಗೇ.
ಇಸುಬುಗೆ ಹೇಳಿದೆ. ಯಾರದೋ ಬಿಳಿ ದಿಶ್‌ದಾಶಾದ ಕಾಲರಿಗೆ
ನೀರು ಚಿಮುಕಿಸಿ, ಹಬೆಯೊಳಗಿಂದ ನಕ್ಕ:
"ಹಾಗಾದರೆ ಇಪ್ಪತ್ತಾರು ವರ್ಷದಿಂದ
ಬೇರೆಯವರ ಆತ್ಮನೇಪದಕ್ಕೆ ಇಸ್ತ್ರಿ ಹಾಕುವುದಾ ನಾನು?"
ರಂಜಾನಿನ ನಾಲ್ಕನೇ ದಿನ. ತುಟಿ ಬಿರಿದಿತ್ತು.
ಉಪವಾಸವೂ ಇದೇ ಮನೆತನ ಇಸುಬು, ಹತ್ತಿರ ಇರುವುದು ಅಂತ ಅರ್ಥ.
"ಯಾರ ಹತ್ತಿರ?"
ವ್ಯಾಕರಣ ಹೇಳುವುದಿಲ್ಲ.
"ನಮಗೆ ಗೊತ್ತುಂಟು" ಅಂದ, ಬಾಂಗಿಗೆ ಕಿವಿಗೊಟ್ಟು.

ಜ್ವರ ವಾಸಿಯಾಯಿತು ಅನ್ನುತ್ತೇವಲ್ಲ, ಅದೂ ಇದೆಯೇ?
ಅದನ್ನು ಇಲ್ಲಿಗೆ ಎಳೆಯಬೇಡ, ಆಚಾರ್ಯರು ಗದರುತ್ತಾರೆ.
ನೆಲೆಸುವುದಕ್ಕೂ ವಾಸಿಯಾಗುವುದಕ್ಕೂ
ನಂಟಿಲ್ಲ.

ಹತ್ತನೇ ಗಣದ ಮೂಲೆಯಲ್ಲಿ ಮತ್ತೊಂದು,
ಯಾರೂ ಬಳಸಿದ್ದು ಕಂಡಿಲ್ಲ. ಅರ್ಥ ಮೂರು:
ಸ್ನೇಹ. ಕತ್ತರಿಸುವುದು. ಕಿತ್ತುಕೊಳ್ಳುವುದು.
ಮೂರೂ ಒಂದೇ ಧಾತುವಿಗೆ ಹೇಗೆ ಸರ್, ತರಗತಿಯೇ ನಕ್ಕಿತ್ತು.

ರಾಜಂಪೇಟೆಯ ಪೆಂಚಲಮ್ಮನಿಗೆ ಹನ್ನೊಂದು ವರ್ಷ ಒಂದೇ ಮನೆ.
ಮೇಡಂ ಅವಳನ್ನು ಮಗಳೇ ಅನ್ನುತ್ತಾಳೆ,
ಈದಿಗೆ ಬಳೆ ಕೊಡಿಸಿದ್ದಾಳೆ,
ಐದು ತಿಂಗಳ ಸಂಬಳ ಮುರಿದಿದ್ದಾಳೆ,
ಪಾಸ್‌ಪೋರ್ಟು ಕಪಾಟಿನಲ್ಲಿ, ಬೀಗದ ಕೈ ತನ್ನ ಕೊರಳಿನಲ್ಲಿ.
ಪ್ರಯೋಗ ಸಿಕ್ಕಿತು, ಸರ್.

ರಾತ್ರಿಯಿಡೀ ಧೂಳು ಬೀಸಿದ ಬೆಳಗ್ಗೆ
ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದಳು,
ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ, ಹುಬ್ಬಿನ ತುಂಬ ಮರಳು.
ದೂರು ಬರೆಯಬೇಕು.
ಈ ಹನ್ನೊಂದು ವರ್ಷಕ್ಕೆ ಯಾವ ಲಕಾರ?
ಉವಾಸ. ಲಿಟ್.
ಹೇಳುವವರ ಕಣ್ಣೆದುರು ನಡೆಯದ ಭೂತಕಾಲ.
ಅವಳ ಮಗಳು ಅವಳ ಬಗ್ಗೆ ಹೇಳಬಹುದಾದ ಒಂದೇ ರೂಪ.
"ನಾನು" ಅಂತ ಇದನ್ನು ಬಳಸುವುದು ಅಪರೂಪ ಕಣಮ್ಮ,
ತಾನು ಬದುಕಿದ್ದನ್ನು ತಾನೇ ಕಾಣದವರು ಯಾರು?
ನಿದ್ದೆಯಲ್ಲಿದ್ದವರು, ಮತ್ತೇರಿದವರು.
ಆಚಾರ್ಯರ ಪಟ್ಟಿ ಅಲ್ಲಿಗೆ ನಿಂತಿತ್ತು.
ನನ್ನ ಇಕಾಮಾ ಕಾರ್ಡು ತೆಗೆದು ನೋಡಿದೆ,
ಒಂಬತ್ತು ವರ್ಷದ ಹಿಂದಿನ ಮುಖ.

"ಏಂ ರಾಸಿನಾವಮ್ಮಾ?" ಪರದೆಯತ್ತ ಬಾಗಿದಳು.
ಏಳನೇ ಮನೆಯಲ್ಲಿ ಏನೂ ಬರೆದಿರಲಿಲ್ಲ.
ಏಸಿಯ ತಣುಪಿಗೆ ನಡುಗುತ್ತಿದ್ದಳು.
ಇಸುಬು ಹೋಗಿ,
ವರ್ಷವಾದರೂ ಯಾರೂ ಒಯ್ಯದ ಕಂದು ಶಾಲೊಂದನ್ನು ತಂದ,
ಬಿಸಿ ಇಸ್ತ್ರಿ ಎಳೆದು, ಚೀಟಿ ಕಿತ್ತು.
ಅವಳು ಹೊದ್ದುಕೊಂಡಳು.
ವಸ್ತೇ, ಅಂದೆ.
"ಎಷ್ಟು?" ಎಂದು ದುಡ್ಡಿಗೆ ಚೀಲ ತಡಕಿದಳು.