ಎಡಗಿಸೆ

ಗುಳೇದಗುಡ್ಡದ ಸೊಸೈಟಿ ಆಫೀಸಿನಾಗ ರಾತ್ರಿ ಹತ್ತೂವರಿ.
ಶಟರ್ ಅರ್ಧಾ ಇಳಿಸಿ ಕುಂತೀವಿ ಐದು ಮಂದಿ,
ಒಂದು ತಾಟು ಚುರಮರಿ, ಮ್ಯಾಲೆ ಉಳ್ಳಾಗಡ್ಡಿ.
ಯಾರದೋ ಲಗ್ನಪತ್ರಿಕೆಯ ಬೆನ್ನ ಮ್ಯಾಲೆ
ಬರಿಯಾವ ನಾ. ನನ್ನ ಅಕ್ಷರ ದುಂಡಗ ಅಂತ ಹೆಸರು.

ಅಧ್ಯಕ್ಷ: ಮಾಗುಂಡಪ್ಪ. ಅದರಾಗ ಮಾತಿಲ್ಲ.
ಅದರ ಕೆಳಗಿನ ಸಾಲು ಖಾಲಿ.
ಹನ್ನೆರಡು ವರ್ಷ ಆ ಸಾಲಿನಾಗ ನಾ ಇದ್ದೆ.

'ಬ್ಯಾಸರ ಮಾಡ್ಕೊಬ್ಯಾಡ ಮುಪ್ಪಣ್ಣ,' ಅಂತಾನ,
ಚುರಮರಿಯೊಳಗಿನ ಶೇಂಗಾ ಹೆಕ್ಕಿ ಹೆಕ್ಕಿ ತಿಂತ,
'ನಿಮ್ಮ ಓಣಿ ಲೆಕ್ಕ ನೀನ ಹೇಳು.'
ಹೇಳಿದೆ. ಆವಾಗ ಎಂಬತ್ತಾರು ಕುಣಿಮಗ್ಗ.
ಈಗ ಹನ್ನೊಂದು. ಅದರಾಗೂ ಎರಡರ ಕುಣಿಯೊಳಗ
ಕೋಳಿ ಕಾವು ಕುಂತಾವ.
ಕೋಳಿಗೆ ಓಟಿಲ್ಲ.
ಎಲ್ಲಾರೂ ನಕ್ಕರು. ನಾನೂ ನಕ್ಕೆ, ಸ್ವಲ್ಪ ತಡಾ ಮಾಡಿ.

ಪಾಂಡುಸಾ: ಪೇಟಿ ಓಣಿಯ ಎಪ್ಪತ್ತೆರಡು ಓಟು ಗಂಟು ಕಟ್ಟಿ ತರತಾನ,
ಆದರ ಮಾತಿಗೆ ನಿಂತರ ಮೈಕೇ ಬೆವರತೈತಿ.
ಹುಚ್ಚೇಶ: ರೊಕ್ಕ ಐತಿ, ಜೀಪ್ ಐತಿ,
ಅಧ್ಯಕ್ಷ ಆಗೋ ಆಸೆನೂ ಐತಿ, ಅದ ತೊಡಕು.
ಕಂಡಿಗಿ ಸುತ್ತೋ ತುಳಜವ್ವ: ಹೆಣ್ಮಕ್ಕಳ ಓಟು ಬರತಾವ,
ಆದರ ಹೋದ ಜನರಲ್ ಮೀಟಿಂಗಿನಾಗ ಎದ್ದು ನಿಂತು
ನಾಲ್ವತ್ತು ಕಿಲೋ ರೇಷ್ಮಿ ಎಲ್ಲಿ ಹೋತು ಅಂತ ಕೇಳಿದಾಕಿ.
ಆ ಪ್ರಶ್ನೆ ಇನ್ನೂ ಇಲ್ಲೇ ಕಪಾಟಿನ ಮ್ಯಾಲೆ
ಧೂಳಾ ಹಿಡದು ಕುಂತೈತಿ.

ನನ್ನಕಿಂತ ಕುಳ್ಳ ಇರಬೇಕು,
ಪೋಸ್ಟರಿನಾಗ ಕುಳ್ಳ ಕಾಣಬಾರದು:
ಹಂಗ ಅವ ಅನ್ನಲಿಲ್ಲ. ಅವನ ಕಣ್ಣು ಅಂತಿತ್ತು.
ಒಂದು ಮಾತು ಯಾರೂ ಎತ್ತಲಿಲ್ಲ:
ಇವ ಇಲ್ಲದ ದಿನ ಚೆಕ್ಕಿಗೆ ಸೈ ಮಾಡಾವ ಅವ.

ನಾಕು ವರ್ಷದ ಹಿಂದ ಮೀರಜದಾಗ
ಇವನ ಎದಿಯೊಳಗ ಸ್ಪ್ರಿಂಗ್ ಕುಂಡ್ರಿಸಿದಾಗ
ಮಂದಿಗೆ ಹೇಳಿದ್ದು: ಪಂಢರಪುರಕ್ಕ ಹೋಗ್ಯಾನ.
ಒಂಬತ್ತು ದಿನ ನಾ ಅಧ್ಯಕ್ಷ.
ನೂಲಿನ ಬಿಲ್ಲು, ಲೈಟ್ ಬಿಲ್ಲು, ಸತ್ತಾವರ ಮನಿಗೆ ಐದೈದು ಸಾವಿರ.
ಪ್ರತಿ ಸೈ ಮುಂದ 'ಪರವಾಗಿ' ಅಂತ ಬರದೆ,
ಆ ಶಬ್ದ ಒಮ್ಮೆನೂ ಮರೀಲಿಲ್ಲ.
ಒಂದ ಒಂದು ಸಲ, ಆರನೇ ದಿನಾ, ಎಲ್ಲಾರೂ ಹೋದ ಮ್ಯಾಲೆ
ಲೈಟ್ ಆರಿಸಿ ಅವನ ಕುರ್ಚಿಯಾಗ ಕುಂತೆ.
ಚಿರ್ ಅಂತು. ಎದ್ದುಬಿಟ್ಟೆ.
ಜನ್ಮೆಲ್ಲ ಕುಣಿಯೊಳಗ ಕಾಲು ಇಳಿಬಿಟ್ಟಾವಗ
ನೆಲದ ಮ್ಯಾಲಿನ ಕುರ್ಚಿ ಭಾಳ ಎತ್ತರ.
ಇದನ್ನ ಯಾರಿಗೂ ಹೇಳಿಲ್ಲ. ಅವಗ ಗೊತ್ತಿರಬೇಕು.

'ಪಾಂಡುಸಾನ ಬರಿ,' ಅಂದ ಕಡೀಕ.
ಬರದೆ. ಪಾ-ದ ದೀರ್ಘ ಸ್ವಲ್ಪ ಉದ್ದ ಆತು.
ಫೋನ್ ಹಚ್ಚಿದರು. ಒಂದ ರಿಂಗಿಗೆ ಎತ್ತಿದ.
ಉಳಿದಾವರು ಚಪ್ಪಲಿ ಹುಡುಕಾಕ ಎದ್ದರು.

ಶಟರ್ ಎಳಿಯೂವಾಗ ನಾವಿಬ್ಬರ.
ಹೇಳಬೇಕಿತ್ತು:
ನಾಲಿಗಿ ಕೆಳಗ ಇಡೋ ನಿನ್ನ ಗುಳಿಗಿ
ನನ್ನ ಎಡಗಿಸೆಯಾಗ ಅದಾವ, ನಾಕು ವರ್ಷ ಆತು,
ಅಂಗಿ ಬದಲಿಸಿದಾಗೊಮ್ಮೆ ಅವನ್ನೂ ಬದಲಿಸ್ತೀನಿ,
ಒಗಿಯೋ ಮುಂದ ನನ್ನ ಹೇಣ್ತಿ ತಡವಿ ನೋಡ್ತಾಳ.
ಮೀರಜದ ಡಾಕ್ಟರ್ ನಂಬರ್ ಬಾಯಿಪಾಠ,
ಅವಗ ಹೇಳಾಕ ನಾಕು ಮರಾಠಿ ಮಾತೂ ಬಾಯಿಪಾಠ.
ಇದನ್ನ ಲಗ್ನಪತ್ರಿಕೆಯ ಯಾವ ಮೂಲ್ಯಾಗ ಬರೀಲಿ?

ಅವ ಮ್ಯಾಲುಸಿರು ಬಿಟ್ಟು ಕೀಲಿ ನನ್ನ ಕೈಯಾಗ ಇಟ್ಟ.
'ಮುಂಜಾನೆ ಬರ್ತಿ ಹೌದಿಲ್ಲೋ?'
'ಪ್ರಚಾರಕ್ಕ?'
'ಅದಕ್ಕೂ,' ಅಂದ.

ನಮ್ಮ ಓಣಿಯಾಗ ಇಷ್ಟು ಹೊತ್ತಿನಾಗೂ ಒಂದು ಮಗ್ಗ ಬಡೀತಿತ್ತು,
ಹನ್ನೊಂದರಾಗ ಯಾವುದೋ.
ನಿಂತು ಕೇಳಿದೆ, ತಪ್ಪಲಿಲ್ಲ ಒಂದೂ ಏಟು.
ಎಡಗಿಸೆ ಮ್ಯಾಲೆ ಕೈ ಇಟ್ಟು ನೋಡಿದೆ. ಅದಾವ.
ನಾಳಿಗೆ ಕೊಟ್ಟರಾತು ಪಾಂಡುಸಾಗ.
ಇಲ್ಲಾ ನಾಡಿದ್ದು.
ಓಟಾದರೂ ಮುಗೀಲಿ.