ಉಪ್ಪಿನ ಲೆಕ್ಕ

ಲೀಟರಿಗೆ ಮೂವತ್ತೈದು ಗ್ರಾಂ.
ವಿರಾಜಪೇಟೆಯ ಹಲ್ಲಿನ ಕ್ಲಿನಿಕ್ಕಿನ ಮೊದಲ ಮಹಡಿಯಲ್ಲಿ
ವಾರಕ್ಕೊಮ್ಮೆ ನಾನು
ನಾಲ್ಕು ಬಕೆಟ್ ಸಮುದ್ರ ಮಾಡುತ್ತೇನೆ.

ನಮ್ಮ ಕಡೆ ಉಪ್ಪೆಂದರೆ ಜಿಗಣೆಗೆ.
ತೋಟದ ಕೆಲಸಕ್ಕೆ ಹೊರಟ ಉಮ್ಮ
ಹಳೇ ಬಟ್ಟೆಯಲ್ಲಿ ಕಲ್ಲುಪ್ಪು ಕಟ್ಟಿ, ನೀರಿಗದ್ದಿ,
ಕೋಲಿನ ತುದಿಗೆ ಸಿಕ್ಕಿಸಿಕೊಳ್ಳುತ್ತಿದ್ದಳು.
ಒಂದೇ ಒತ್ತು. ಮೀನಖಂಡದಿಂದ ಉದುರಿ
ಸುರುಟಿ ಹೋಗುತ್ತಿತ್ತು.
ಉಪ್ಪು ಕೊಲ್ಲುವುದನ್ನಷ್ಟೇ ಕಂಡು ಬೆಳೆದವಳು ನಾನು.

ಮೀನು ಬಂದದ್ದು ಕೊಚ್ಚಿಯಿಂದ,
ಥರ್ಮೋಕೋಲ್ ಪೆಟ್ಟಿಗೆಯಲ್ಲಿ, ರಾತ್ರಿ ಬಸ್ಸಿನಲ್ಲಿ,
ಮಾಕುಟ್ಟದ ತಿರುವುಗಳಲ್ಲೆಲ್ಲ ಕುಲುಕಿಕೊಂಡು.
ಡ್ರಿಲ್ಲಿನ ಸದ್ದಿಗೆ ಮಕ್ಕಳು ಅಳಬಾರದೆಂದು
ಡಾಕ್ಟರ್ ಚಿಟ್ಟಿಯಪ್ಪ ತರಿಸಿದ್ದು.
ದುಡ್ಡು ಅವರದು, ನಿದ್ದೆಗೇಡು ನನ್ನದು.
ಮಾರಿದವನು ಫೋನಿನಲ್ಲಿ ಹೇಳಿದ್ದ:
ಟ್ಯಾಂಗ್ ಸಾಕುವುದು ಬಾಣಂತನ ಮಾಡಿದ ಹಾಗೆ,
ಗಾಳಿ ತಾಗಬಾರದು, ಚಳಿ ತಾಗಬಾರದು,
ಹೊಟ್ಟೆ ಖಾಲಿ ಬಿಡಬಾರದು.

ಎಂಥ ನೀಲಿ!
ಸ್ಲೇಟಿನ ಮೇಲೆ ಒರೆಸಿದ ಸೀಮೆಸುಣ್ಣದಂಥ ತಿಳಿನೀಲಿ,
ಬೆನ್ನಿಗೆ ಹಳದಿ ಅಂಚು, ಮುಖಕ್ಕೆ ಕಪ್ಪು ಮಸಿ.
ಇಡೀ ದಿನ ಆ ಗೋಡೆಯಿಂದ ಈ ಗೋಡೆಗೆ,
ಎಲ್ಲೋ ಹೊತ್ತಾದವರ ಹಾಗೆ.

ತಿನ್ನುವುದು ಕಡಲಪಾಚಿ.
ಅದನ್ನು ಗಾಜಿಗೆ ಸಿಕ್ಕಿಸಲು
ಹಲ್ಲು ಕೀಳುವಾಗ ರೋಗಿಯ ಕೊರಳಿಗೆ
ಬಟ್ಟೆ ಕಟ್ಟುವ ಕ್ಲಿಪ್ಪೇ ಸಾಕಾಯಿತು.

ಹಲ್ಲುಸೆಟ್ಟಿನ ಅಳತೆಗೆ ಬಂದ ಮೊಣ್ಣಪ್ಪಜ್ಜ
ಕನ್ನಡಕ ಏರಿಸಿ, ಬಾಲದ ಬುಡ ನೋಡಿದರು.
ಅಲ್ಲಿ ಅಕ್ಕಪಕ್ಕ ಒಂದೊಂದು ಚೂಪು ಅಲಗು.
'ಹೋ, ಇವನೂ ಒಡಿಕತ್ತಿಯವನೇ!
ತೋಡಂಗಿಲ್ಲದೆಯೇ ಸಿಕ್ಕಿಸಿದ್ದಾನೆ ನೋಡು.'
ಬೊಚ್ಚು ಬಾಯಿ ತುಂಬ ನಕ್ಕರು.
ನಾನೂ ನಕ್ಕೆ. ಆದರೆ ಅಜ್ಜ,
ಇವನ ಶತ್ರು ಕತ್ತಿಗೆ ಸಿಗುವಷ್ಟು ದೊಡ್ಡದಿಲ್ಲ.

ಮಾರ್ಚಿಯ ಮೊದಲ ಮಳೆ ಗುಡುಗುತ್ತ ಬಂತು.
ಕರೆಂಟು ಹೋದದ್ದು ಸಂಜೆ ಆರಕ್ಕೆ.
ಹೀಟರ್ ಆರಿತು, ಪಂಪು ನಿಂತಿತು.
ಇನ್ವರ್ಟರ್ ಎರಡು ಗಂಟೆ ಉಸಿರು ಹಿಡಿದು ಕೈಚೆಲ್ಲಿತು.
ಮಗ್ಗಿನಲ್ಲಿ ನೀರೆತ್ತಿ ಮೇಲಿಂದ ಸುರಿದೆ,
ಎತ್ತಿದೆ, ಸುರಿದೆ,
ಚಹಾ ಆರಿಸುವವಳಂತೆ, ಬೆಳಗಿನ ಬಾಂಗಿನ ತನಕ.
ಊರೆಲ್ಲ ಆ ಮಳೆಗೆ ಕಾದಿತ್ತು.
ನಾನು ಶಪಿಸಿದೆ. ಪಡಚ್ಚವನು ಕ್ಷಮಿಸಲಿ.

ಒಂಬತ್ತನೇ ದಿನ ಕಾಫಿ ಹೂವಾಯಿತು.
ಕಿಟಕಿ ತೆಗೆದರೆ ಪರಿಮಳ ತಲೆಗೇರುವಷ್ಟು.
ಕಾಯುವ ಬೆಂಚಿನಲ್ಲಿ ಒಂದೇ ಮಾತು:
'ನಿಮ್ಮಲ್ಲಿ ಹೂ ಹೇಗೆ?'
'ಕಡ್ಡಿ ಕಾಣದಷ್ಟು ಬಿಳಿ!'
ಅದೇ ದಿನ ನನ್ನ ಮೀನಿನ ರೆಕ್ಕೆಯ ಮೇಲೆ
ಒಂದು ಬಿಳಿ ಚುಕ್ಕೆ.
ಸಂಜೆಗೆ ಏಳು.
ಮರುದಿನ ಎಣಿಸಲಿಲ್ಲ.

ಅಚ್ಚು ತೆಗೆಯುವ ಕೋಣೆಯಲ್ಲಿ,
ಸಾಲುಸಾಲು ಪ್ಲಾಸ್ಟರ್ ಹಲ್ಲುಗಳ ಎದುರು,
ಬೇರೆ ತೊಟ್ಟಿ ಇಟ್ಟೆ. ಬೇರೆ ಹೀಟರ್, ಬೇರೆ ಬಲೆ.
ಮಾರಿದವನು ಹೇಳಿದ ಮದ್ದು ಕೇಳಿ
ಎರಡು ಸಲ ಕೇಳಿದೆ, ತಪ್ಪು ಕೇಳಿಸಿತೋ ಎಂದು:
ಉಪ್ಪು ಇಳಿಸಬೇಕು.
ಮೂವತ್ತೈದರಿಂದ ಇಪ್ಪತ್ತಾರಕ್ಕೆ, ಹದಿನೆಂಟಕ್ಕೆ, ಹದಿಮೂರಕ್ಕೆ.
ನೀರು ಸಪ್ಪೆಯಾದರೆ ಆ ಹುಳ ಉಬ್ಬಿ ಒಡೆಯುತ್ತದಂತೆ,
ಮೀನು ಹೇಗೋ ತಡೆದುಕೊಳ್ಳುತ್ತದಂತೆ.

ಉಮ್ಮಾ, ಕೇಳಿದೆಯಾ,
ಉಪ್ಪು ಸಾಲದೆ ಸಾಯುವ ಜಿಗಣೆಯೂ ಇದೆ.

ದಿನಕ್ಕೆರಡು ಸಲ ಅಳತೆಯ ಕೊಳವೆಗೆ ಕಣ್ಣಿಟ್ಟೆ.
ಅದು ಮೂಲೆ ಹಿಡಿದು, ಕಿವಿರು ಬಡಿದು,
ನನ್ನನ್ನು ನೋಡುತ್ತಿತ್ತೋ, ಆ ಹಲ್ಲುಗಳನ್ನೋ.
ಹಾಕಿದ ಪಾಚಿ ಹಾಕಿದ ಹಾಗೇ
ಕ್ಲಿಪ್ಪಿನಲ್ಲಿ ಕೊಳೆತು ಜೋತಿತು.
ತೆಗೆದೆ. ಹೊಸದು ಹಾಕಿದೆ. ತೆಗೆದೆ.
'ಹೋಗಲಿ ಬಿಡು ರಮ್ಲಾ, ಬೇರೆ ತರಿಸುವ'
ಎಂದರು ಡಾಕ್ಟರ್. ಒಳ್ಳೆಯ ಮನುಷ್ಯ.
ಆ ದಿನ ಅವರೊಡನೆ ಮಾತಾಡಲಿಲ್ಲ.

ಇವತ್ತು ಬೆಳಿಗ್ಗೆ ಬೀಗ ತೆಗೆದು, ದೀಪ ಹಾಕಿ ನೋಡಿದರೆ
ಕ್ಲಿಪ್ಪಿನಲ್ಲಿ ಅರ್ಧ ಎಲೆ.
ಅಂಚಿನಲ್ಲಿ ಸಣ್ಣ ಸಣ್ಣ ಕಚ್ಚು,
ಗರಗಸ ಆಡಿಸಿದಂತೆ.

ಹೊರಗೆ ಮೊಣ್ಣಪ್ಪಜ್ಜ ಆಗಲೇ ಬಂದು ಕೂತಿದ್ದಾರೆ,
ಹೊಸ ಹಲ್ಲಿನಲ್ಲಿ ಕಟಕಟ ಗಾಳಿ ಕಡಿಯುತ್ತ.
'ಎಲ್ಲಿ ನಮ್ಮ ಕತ್ತಿಯವನು?'
ಇರಿ ಅಜ್ಜ, ಇನ್ನೂ ಮೂರು ವಾರ ಇದೆ.
ಆಮೇಲೆ ಏರಿಸಬೇಕು, ದಿನಕ್ಕೊಂದು ಗ್ರಾಂ,
ಅವಸರ ಮಾಡುವ ಹಾಗಿಲ್ಲ.